ನನ್ನ ಎಡತೊಡೆಯೂ ದೊಡ್ಡಮ್ಮನ ತಾಳವೂ

ಚೆನ್ನಾಗಿ ಹಾಡುವವರಿಗೆ ಊರಿನಲ್ಲಿ ಮರ್ಯಾದೆ ಇದೆ. ಹಾಡಲು ಬರುವುದಿಲ್ಲ ಎಂದು ತಿಳಿದು ಸುಮ್ಮನಿರುವವರಿಗೆ ಅದಕ್ಕಿಂತ ಹೆಚ್ಚು ಮರ್ಯಾದೆ ಇದೆ. ನಾನು ಎರಡು ಗುಂಪಿಗೂ ಸೇರಿದವನಲ್ಲ. ಬಚ್ಚಲುಮನೆಯಲ್ಲಿ ನಾನು ಬಾಯಿ ತೆರೆದ ತಕ್ಷಣ ಪಕ್ಕದ ಮನೆಯ ಹಿತ್ತಿಲ ಬಾಗಿಲು ದಡಕ್ಕನೆ ಹಾಕಿಕೊಳ್ಳುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು. ಚಳಿಗಾಲ, ಪಾಪ, ಗಾಳಿ ಬರುತ್ತದೆ ಎಂದುಕೊಳ್ಳುತ್ತಿದ್ದೆ. ಬೇಸಿಗೆಯಲ್ಲೂ ಹಾಕಿಕೊಂಡಾಗ ಅವರ ಆರೋಗ್ಯದ ಬಗ್ಗೆ ಚಿಂತೆಯಾಯಿತೇ ಹೊರತು ನನ್ನ ಗಂಟಲಿನ ಬಗ್ಗೆ ಆಗಲಿಲ್ಲ. ಇಂಥವನ ಹಾಡನ್ನು ಒಬ್ಬ ಡಾಕ್ಟರು, ದಿನಕ್ಕೊಂದು ಸಲ, ಊಟಕ್ಕೆ ಮುಂಚೆ, ಎಂದು ಔಷಧಿಯ ಹಾಗೆ ಬರೆದುಕೊಟ್ಟರು ಎಂದರೆ ನೀವು ನಂಬುವುದಿಲ್ಲ. ನನ್ನ ಹೆಂಡತಿ ಸರಸು, ಡಾಕ್ಟರು ಬರೆದುಕೊಡಲಿಲ್ಲ, ಬಾಯಲ್ಲಿ ಹೇಳಿದರು, ಅದೂ ನಗುತ್ತಾ ಹೇಳಿದರು ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಮಾತ್ರ ಒಂದು ನೀಲಿ ಚೀಟಿ ಇದೆ. ಆ ಚೀಟಿಯ ಮೇಲೆ ನನಗೇ ಈಗ ಅಷ್ಟೇನೂ ಭರವಸೆಯಿಲ್ಲವಾದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಆಗ ನಾನು ಶಿಡ್ಲಘಟ್ಟದಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ಐವತ್ತೊಂಬತ್ತನೆಯ ಇಸವಿಯೋ ಅರವತ್ತೋ ಇರಬೇಕು. ಕಚೇರಿಯಲ್ಲಿ ಯಾವ ಕಾಗದವನ್ನೂ ಬೇರೆ ಥರ ಬರೆಯುವ ಸ್ವಾತಂತ್ರ್ಯ ಇಲ್ಲದ್ದರಿಂದ ನನ್ನ ಪ್ರಯೋಗಗಳೆಲ್ಲ ಮನೆಯಲ್ಲಿ ನಡೆಯುತ್ತಿದ್ದವು. ಆರು ತಿಂಗಳು ಹೊಟ್ಟೆಗೆ ಒದ್ದೆ ಮಣ್ಣು ಮೆತ್ತಿಕೊಂಡೆ. ಹಸಿ ತರಕಾರಿಯೊಂದನ್ನೇ ತಿಂದು ಬದುಕುವ ಪ್ರಯೋಗ ಒಂಬತ್ತು ದಿನ ನಡೆದು, ಹತ್ತನೆಯ ದಿನ ಸರಸು ಹುರುಳಿಕಾಳಿನ ಸಾರು ಮಾಡಿದ್ದರಿಂದ ನಿಂತಿತು. ಆದ್ದರಿಂದ ಮಂಚೇನಹಳ್ಳಿ ಕಡೆಯ ಹಳ್ಳಿಯಿಂದ ದೊಡ್ಡಮ್ಮನನ್ನು ಊರಿನವರು ಬಸ್ಸಿನಲ್ಲಿ ಕರೆತಂದು ನಮ್ಮ ಮನೆಯಲ್ಲಿ ಇಳಿಸಿದಾಗ ಸರಸು ನನ್ನನ್ನು ಅಡಿಗೆಮನೆಗೆ ಕರೆದು, ಆಕೆಯ ಮೇಲೆ ಮಣ್ಣುಗಿಣ್ಣು ಮೆತ್ತಿದರೆ ತಾನು ಗೌರಿಬಿದನೂರಿಗೆ ಹೊರಟುಹೋಗುವುದಾಗಿ ತಿಳಿಸಿದಳು. ಗೌರಿಬಿದನೂರು ಅವಳ ತೌರು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ, ನನ್ನನ್ನು ಎತ್ತಿ ಆಡಿಸಿದವಳು. ಹೆಸರು ಸಂಜೀವಮ್ಮ. ವಯಸ್ಸು ಎಪ್ಪತ್ತರ ಆಚೆಗೋ ಈಚೆಗೋ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಕಾಲು ಅರ್ಧಂಬರ್ಧ ಉಳಿದಿತ್ತು, ನಾಲಗೆ ಪೂರ್ತಿ ಉಳಿದಿತ್ತು. ನಾಲ್ಕು ಮನೆಯ ಹೆಂಗಸರನ್ನು ಮುಂದೆ ಕೂರಿಸಿಕೊಂಡು ನಲವತ್ತು ವರ್ಷ ರೇಷ್ಮೆಹುಳು ಸಾಕಿದ ಹೆಂಗಸು, ಈಗ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದ್ದೋ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಲು ಒಪ್ಪಿಕೊಂಡವಳ ಹಾಗೆ ಕೂರುತ್ತಿದ್ದಳು.

ತೊಂದರೆ ಬಂದದ್ದು ಊಟದಲ್ಲಿ. ಎಡಗೈಯಲ್ಲಿ ತಿನ್ನುವ ಮಾತೇ ಇಲ್ಲ. ಚಮಚ ಕೊಟ್ಟರೆ ಅದು ಕಾಯಿಲೆಯವರ ಸಾಮಾನು ಎಂದಳು. ಉಳಿದದ್ದು ಸರಸು ತಿನ್ನಿಸುವುದು. ಸರಸು ಬೇಸರವಿಲ್ಲದೆ ತಿನ್ನಿಸುತ್ತಿದ್ದಳು, ದೊಡ್ಡಮ್ಮ ನಾಲ್ಕು ತುತ್ತಿಗೆ ಬಾಯಿ ಮುಚ್ಚಿಬಿಡುತ್ತಿದ್ದಳು. ಹೊಟ್ಟೆ ತುಂಬಿತು ಎನ್ನುತ್ತಿದ್ದಳು. ಒಂದು ಕಾಲಕ್ಕೆ ಎರಡು ಮುದ್ದೆ ನುಂಗಿ ಮೂರನೆಯದರ ಕಡೆ ನೋಡುತ್ತಿದ್ದವಳು. ಒಂದು ತಿಂಗಳಲ್ಲಿ ಬಳೆ ಮೊಣಕೈವರೆಗೂ ಜಾರತೊಡಗಿದವು. ನಾನು ಗದರಿಸಿ ನೋಡಿದೆ, ಬೇಡಿಕೊಂಡು ನೋಡಿದೆ. ಅವಳು ಸಮಾಧಾನವಾಗಿಯೇ ಹೇಳಿದಳು: "ತಿನ್ನಿಸ್ಕೊಂಡು ತಿನ್ನೋದು ಊಟ ಅಲ್ಲ ಕಣಪ್ಪ. ಹುಳಕ್ಕೆ ಸೊಪ್ಪು ಹಾಕ್ದಂಗೆ. ಹುಳ ಆದ್ರೆ ಗೂಡು ಕಟ್ತದೆ, ನಾನೇನು ಕಟ್ಲಿ?"

ಡಾಕ್ಟರು ಬಂದು ನೋಡಿದರು. ವಾರಕ್ಕೆರಡು ಸೂಜಿ, ದಿನಾ ಎಣ್ಣೆ ನೀವುವುದು. ಹೊರಗೆ ಬಂದು ನನಗೊಬ್ಬನಿಗೇ ಹೇಳಿದರು, ಕೈ ಬರಬಹುದು, ಬರದೇ ಇರಬಹುದು, ಅದು ಬರುವುದಕ್ಕೆ ಮುಂಚೆ ಈಕೆ ಊಟ ಬಿಟ್ಟೇ ಹೋಗಿಬಿಡುತ್ತಾರೆ. ಕೈಗೆ ತಾನಾಗಿ ಏನಾದರೂ ಮಾಡಬೇಕು ಅನ್ನಿಸಬೇಕು, ಅನ್ನಿಸುವ ಹಾಗೆ ಏನಾದರೂ ಮಾಡಿ ಎಂದರು. ಏನಾದರೂ ಮಾಡಿ ಎಂಬ ಮಾತನ್ನು ನನ್ನಂಥವನಿಗೆ ಹೇಳಬಾರದಿತ್ತು.

ಅದೇ ವಾರ ಯಾವುದೋ ಮಾಸಪತ್ರಿಕೆಯಲ್ಲಿ, ಸಂಗೀತ ಕೇಳಿಸಿದರೆ ಮುದುಕರ ಹಳೆಯ ಕಾಯಿಲೆಗಳೂ ಹತೋಟಿಗೆ ಬರುತ್ತವೆ ಎಂದು ಓದಿದ್ದೆ. ಹಸುಗಳು ಹೆಚ್ಚು ಹಾಲು ಕೊಡುತ್ತವೆ ಎಂಬುದೂ ಅದೇ ಪುಟದಲ್ಲಿತ್ತು. ಎರಡನ್ನೂ ಕಲಸಿಕೊಂಡು ಎದುರುಮನೆಯ ಖಾದರ್ ಸಾಬರ ಹತ್ತಿರ ಹೋದೆ. ಸಾಬರಿಗೆ ಹಿತ್ತಿಲಲ್ಲಿ ರೇಷ್ಮೆನೂಲು ಬಿಚ್ಚುವ ಆರು ಚರಕ, ನಡುಮನೆಯಲ್ಲಿ ಕೀಲಿ ಕೊಡುವ ಒಂದು ಗ್ರಾಮಫೋನು, ಎದೆಯಲ್ಲಿ ಇಪ್ಪತ್ತು ವರ್ಷದ ದಮ್ಮು ಇದ್ದವು. ಗ್ರಾಮಫೋನು ಕೇಳಿದ್ದಕ್ಕೆ ಅವರು ತಾವೇ ಹೊತ್ತುಕೊಂಡು ಬಂದರು. ಜೊತೆಗೆ ಕುರ್ಚಿಯನ್ನೂ ತಂದರು. ತಮ್ಮದೂ ಹಳೇ ಕಾಯಿಲೆಯೇ ಅಲ್ಲವೇ, ಖರ್ಚಿಲ್ಲದ ಔಷಧಿ ಬೀದಿಯ ಆ ಕಡೆ ಸಿಗುವಾಗ ಈ ಕಡೆ ಕೂರುವುದೇಕೆ ಎಂದರು.

ಸಾಬರಲ್ಲಿ ಇದ್ದದ್ದು ಮೂರು ಪ್ಲೇಟು. ಒಂದು ಬಿರುಕು ಬಿಟ್ಟಿತ್ತು, ಒಂದೇ ಸಾಲನ್ನು ಹಿಡಿದು ತೀಡುತ್ತಿತ್ತು. ಹತ್ತು ದಿನ ಬೆಳಗ್ಗೆ ಸಂಜೆ ಚಿಕಿತ್ಸೆ ನಡೆಯಿತು. ದೊಡ್ಡಮ್ಮ ಮೊದಲ ಪ್ಲೇಟಿಗೇ ನಿದ್ದೆ ಹೋಗುತ್ತಿದ್ದಳು. ಬಿರುಕಿನ ಪ್ಲೇಟಿಗೆ ಮಾತ್ರ ಒಂದು ಸಲ ಕಣ್ಣು ಬಿಟ್ಟು, ಆ ಯಪ್ಪನಿಗೆ ಏನು ಸಿಕ್ಕಿಕೊಂಡಿದೆ, ಯಾರಾದರೂ ಬೆನ್ನಿಗೆ ಗುದ್ದಿ ಎಂದಳು. ಕೈ ಅಲ್ಲಾಡಲಿಲ್ಲ. ಖಾದರ್ ಸಾಬರ ಕೆಮ್ಮು ಹಾಡಿನ ಲಯಕ್ಕೆ ಸರಿಯಾಗಿ ಬೀಳತೊಡಗಿತು ಎಂಬುದೊಂದೇ ನಮ್ಮ ಫಲಿತಾಂಶ. ಅವರು ಅದನ್ನು ಗುಣ ಎಂದೇ ಲೆಕ್ಕ ಹಾಕಿದರು. ಹನ್ನೊಂದನೆಯ ದಿನ ನಾನು ಉತ್ಸಾಹದಲ್ಲಿ ಕೀಲಿಯನ್ನು ಒಂದು ಸುತ್ತು ಹೆಚ್ಚು ಕೊಟ್ಟೆ. ಒಳಗೆ ಸ್ಪ್ರಿಂಗು ಕಿತ್ತು, ಗ್ರಾಮಫೋನು ದೊಡ್ಡ ನಿಟ್ಟುಸಿರು ಬಿಟ್ಟು ಸತ್ತಿತು. ಸಾಬರು ಕುರ್ಚಿ ಎತ್ತಿಕೊಂಡು ಹೋಗುವರೇನೋ ಎಂದು ನೋಡಿದೆ, ಹೋಗಲಿಲ್ಲ. "ಹಂಗಾದ್ರೆ ನೀವೇ ಹಾಡಿ ಸಾರ್" ಎಂದರು. ಆ ಮಾತನ್ನು ನನಗೆ ಜೀವಮಾನದಲ್ಲಿ ಹೇಳಿದವರು ಅವರೊಬ್ಬರೇ, ಅದೂ ಅವರು ನನ್ನ ಹಾಡು ಕೇಳುವುದಕ್ಕೆ ಮುಂಚೆ.

ನಾನು ದೊಡ್ಡಮ್ಮನ ಬಲಕ್ಕೆ ಚಾಪೆಯ ಮೇಲೆ ಕೂತು, ಅವಳ ಹಳ್ಳಿಯಲ್ಲಿ ಚಿಕ್ಕಂದಿನಲ್ಲಿ ಕೇಳಿದ್ದ ಸೊಪ್ಪು ಹೆಚ್ಚುವ ಹಾಡನ್ನು ಎತ್ತಿಕೊಂಡೆ. ಇದನ್ನು ಸ್ವಲ್ಪ ವಿವರಿಸಬೇಕು. ಮೊಟ್ಟೆಯೊಡೆದ ಹೊಸದರಲ್ಲಿ ರೇಷ್ಮೆಹುಳು ಇರುವೆಯಷ್ಟೇ ಇರುತ್ತದೆ, ಹಿಪ್ಪುನೇರಳೆ ಸೊಪ್ಪನ್ನು ಕೂದಲೆಳೆಯ ಹಾಗೆ ಸಣ್ಣಗೆ ಹೆಚ್ಚಿ ಉದುರಿಸಬೇಕು. ದೊಡ್ಡಮ್ಮನ ಮನೆಯಲ್ಲಿ ಐದಾರು ಹೆಂಗಸರು ಸಾಲಾಗಿ ಕೂತು, ಒಂದೇ ಹಾಡಿಗೆ ಎಲ್ಲರ ಕತ್ತಿಯೂ ಒಟ್ಟಿಗೆ ಬೀಳುವ ಹಾಗೆ ಹೆಚ್ಚುತ್ತಿದ್ದರು. ದೊಡ್ಡಮ್ಮ ನಡುವೆ ಕತ್ತಿಯಿಲ್ಲದೆ ಕೂತು, ಎಡಗೈಯಲ್ಲಿ ಸೊಪ್ಪಿನ ಕಟ್ಟು ಜೋಡಿಸಿಕೊಡುತ್ತಾ, ಬಲಗೈಯಲ್ಲಿ ಪಕ್ಕದವಳ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಯಾರಾದರೂ ತಾಳ ತಪ್ಪಿದರೆ ಆ ಕೈ ಪಟಾರನೆ ಬೀಳುತ್ತಿತ್ತು, ಕತ್ತಿಗಳೆಲ್ಲ ನಿಲ್ಲುತ್ತಿದ್ದವು. ಆ ಪೆಟ್ಟು ನೋಡಿ ನಾವು ಮಕ್ಕಳು ನಗುತ್ತಿದ್ದೆವು.

ಈಗ ನಾನು ಹಾಡಿದ್ದು ಆ ಹಾಡೇ ಎಂದು ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದೆ. ಎರಡು ಹಾಡುಗಳ ತಲೆ ಕಾಲು ಸೇರಿಸಿ ಹೊಲಿದಿದ್ದೆ ಎಂದು ಆಮೇಲೆ ತಿಳಿಯಿತು. ಮೂರನೆಯ ಸಾಲಿಗೆ ಬಂದಿರಬಹುದು, ನನ್ನ ಎಡತೊಡೆಯ ಮೇಲೆ ಏನೋ ಬಿತ್ತು. ಹಲ್ಲಿಯೆಂದು ಹೌಹಾರಿ ನೋಡಿದರೆ ದೊಡ್ಡಮ್ಮನ ಬಲಗೈ. ಅದು ಅವಳ ಮಡಿಲಿನಿಂದ ಹೊರಟು, ಒಂದು ಗೇಣು ದೂರ ಪ್ರಯಾಣ ಮಾಡಿ, ನನ್ನ ಮೇಲೆ ಬಿದ್ದುಕೊಂಡಿತ್ತು. ನಾನಷ್ಟೇ ಅಲ್ಲ, ದೊಡ್ಡಮ್ಮನೂ ಅದನ್ನು ನೋಡುತ್ತಿದ್ದಳು. ಸರಸುವಿನ ಪ್ರಕಾರ ಆ ದಿನ ಅಲ್ಲಾಡಿದ್ದು ಎರಡು ಬೆರಳು ಮಾತ್ರ, ಕೈ ಬಂದದ್ದು ಮಾರನೆಯ ದಿನ. ಸಾಬರ ಪ್ರಕಾರ ಏಟಿನ ಸದ್ದು ಬೀದಿಗೆ ಕೇಳಿಸಿತು. ಮೂವರೂ ಅಲ್ಲೇ ಇದ್ದೆವು, ಮೂವರಿಗೂ ಕಣ್ಣು ಚೆನ್ನಾಗಿತ್ತು. ದೊಡ್ಡಮ್ಮ ಏನೆಂದಳು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಕೋಪ ಬಂದಾಗ ಅವಳಿಗೆ ತೆಲುಗು ಬರುತ್ತಿತ್ತು. "ಆಪರಾ" ಎಂದಳು, ನಿಲ್ಲಿಸೋ ಎಂದು.

ಮಾರನೆಯ ಬೆಳಗ್ಗೆ ಡಾಕ್ಟರ ಮುಂದೆ ನಾನು ಮತ್ತೊಮ್ಮೆ ಹಾಡಿದೆ. ಅವರು ಎರಡು ಸಾಲು ಸಹಿಸಿಕೊಂಡರು. ಕೈ ಎದ್ದಿತು, ಬಿದ್ದಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಸಂಗೀತ ಚಿಕಿತ್ಸೆಯಲ್ಲಿ ತಮಗೆ ನಂಬಿಕೆಯಿಲ್ಲ, ಆದರೆ ಇದನ್ನು ಸಂಗೀತ ಎನ್ನಲಾಗದ್ದರಿಂದ ತಮ್ಮ ಅಭ್ಯಂತರವೂ ಇಲ್ಲ, ದಿನಕ್ಕೊಂದು ಸಲ ಊಟಕ್ಕೆ ಮುಂಚೆ ನಡೆಯಲಿ ಎಂದರು. ನೀಲಿ ಚೀಟಿ ಬಂದದ್ದು ಇಲ್ಲೇ, ಬಂದಿದ್ದರೆ.

ಆಮೇಲಿನ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ನಡೆದಂಥ ಸಂತೋಷ ನನ್ನ ಮದುವೆಯಲ್ಲೂ ನಡೆದಿರಲಿಲ್ಲ. ಕಚೇರಿಯಿಂದ ಬಂದು ಕಾಫಿ ಕುಡಿದು ಚಾಪೆಗೆ ಇಳಿದರೆ, ಬೀದಿಯ ಮುದುಕಿಯರು ಒಬ್ಬೊಬ್ಬರಾಗಿ ಬಂದು ಜಗುಲಿಯ ಕಂಬಕ್ಕೆ ಒರಗುತ್ತಿದ್ದರು. ಒಬ್ಬರಿಗೆ ಕೀಲುನೋವು, ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಸೊಸೆ. ನಾನು ತಪ್ಪಿದಲ್ಲೆಲ್ಲ ಅಷ್ಟೂ ಜನ ಒಟ್ಟಿಗೆ ತಿದ್ದುತ್ತಿದ್ದರು, ತಿದ್ದುವುದರಲ್ಲಿ ಅವರವರಲ್ಲೇ ಜಗಳ ಬಂದು, ಜಗಳದಲ್ಲಿ ಕೀಲುನೋವಿನವರು ಎದ್ದು ನಿಂತೇಬಿಡುತ್ತಿದ್ದರು. ಖಾದರ್ ಸಾಬರು ಕುರ್ಚಿಯಲ್ಲಿ ಅಧ್ಯಕ್ಷರು. ನನ್ನ ಎಡತೊಡೆ ಮೊದಲು ಕೆಂಪಗಾಗಿ, ಆಮೇಲೆ ನೀಲಿಯಾಗಿ, ಹಳದಿಗೆ ತಿರುಗಿತು. ಕಚೇರಿಯಲ್ಲಿ ಕುಂಟುತ್ತಿದ್ದುದನ್ನು ಕಂಡ ಸಾಹೇಬರು ಕಾರಣ ಕೇಳಿದಾಗ, ಮನೆಯಲ್ಲಿ ಹಾಡುತ್ತೇನೆ ಸಾರ್ ಎಂದೆ. ಅವರು ತಲೆಯಾಡಿಸಿ ಮತ್ತೆ ಕೇಳಲಿಲ್ಲ. ದೊಡ್ಡಮ್ಮನ ಪೆಟ್ಟಿಗೆ ದಿನದಿನಕ್ಕೂ ತೂಕ ಬರುತ್ತಿತ್ತು. ಸರಸು ನನ್ನ ತೊಡೆಗೂ ಅವಳ ಕೈಗೂ ಒಂದೇ ಬಟ್ಟಲಿನ ಎಣ್ಣೆ ನೀವುತ್ತಿದ್ದಳು.

ಆದರೆ ಕೈ ಬೀಳುವುದನ್ನು ಕಲಿತಿತ್ತೇ ಹೊರತು ಹಿಡಿಯುವುದನ್ನು ಕಲಿತಿರಲಿಲ್ಲ. ಊಟ ಇನ್ನೂ ನಾಲ್ಕು ತುತ್ತೇ. ಅಷ್ಟರಲ್ಲಿ ಒಂದು ಅನಾಹುತವಾಯಿತು. ನಾನು ಸುಧಾರಿಸಿದೆ.

ನಾನು ಬೇಕೆಂದು ಮಾಡಿದ್ದಲ್ಲ. ದಿನಾ ಅಷ್ಟು ಜನರ ಕೈಯಲ್ಲಿ ತಿದ್ದಿಸಿಕೊಂಡರೆ ಕಲ್ಲೂ ಸ್ವಲ್ಪ ದಾರಿಗೆ ಬರುತ್ತದೆ. ಒಂದು ಸಂಜೆ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ತಾಳ ತಪ್ಪದೆ ಹಾಡಿಬಿಟ್ಟೆ. ಮುದುಕಿಯರು ಬಾಯಿ ಬಿಟ್ಟುಕೊಂಡು ಕೂತರು. ಹೆಮ್ಮೆಯಿಂದ ಎಡಕ್ಕೆ ತಿರುಗಿದೆ. ದೊಡ್ಡಮ್ಮನ ಕೈ ಮಡಿಲಲ್ಲಿ ತಣ್ಣಗೆ ಮಲಗಿತ್ತು. ಮಾರನೆಯ ದಿನವೂ ಹಾಗೇ. ಮೂರನೆಯ ದಿನವೂ. ನಾಲ್ಕು ತುತ್ತು ಮೂರಾಯಿತು. ನಾನಾದರೂ ಏನು ಮಾಡುತ್ತಿದ್ದೆ ಎಂದರೆ, ಹೇಳಲು ನಾಚಿಕೆಯಾಗುತ್ತದೆ, ಒಳಗಿನ ಕೋಣೆಯಲ್ಲಿ ಕನ್ನಡಿಯ ಮುಂದೆ ಅದೇ ಹಾಡನ್ನು ಇನ್ನೂ ಚೆನ್ನಾಗಿ ಅಭ್ಯಾಸ ಮಾಡುತ್ತಿದ್ದೆ. ನಲವತ್ತರ ಹತ್ತಿರ ಬಂದ ಮನುಷ್ಯನಿಗೆ ಮೊಟ್ಟಮೊದಲ ಬಾರಿಗೆ ಒಂದು ಹಾಡು ಬಂದಿತ್ತು. ಸರಸು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, "ಇಷ್ಟು ವರ್ಷ ಯಾರೂ ಕೇಳದೆ ಕೆಟ್ಟದಾಗಿ ಹಾಡಿದ್ರಿ. ಈಗ ಬೇಕು ಅಂದಾಗ ಚೆನ್ನಾಗಿ ಹಾಡ್ತೀರಲ್ಲ" ಎಂದಳು.

ಸರಿ, ತ್ಯಾಗ ಮಾಡಿದೆ. ಅಂದು ಸಂಜೆ ಎರಡನೆಯ ಸಾಲಿನಲ್ಲೇ ಬೇಕೆಂದು ತಾಳ ಬಿಟ್ಟೆ. ಕೈ ಮಿಸುಕಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಇನ್ನೂ ಧಾರಾಳವಾಗಿ ಬಿಟ್ಟೆ. ಉಹೂಂ. ದೊಡ್ಡಮ್ಮ ನನ್ನ ಮುಖ ನೋಡಿದಳು. "ಬೇಕಂತ ತಪ್ತಾ ಇದೀಯ" ಎಂದಳು. ನಾನು ಇಲ್ಲವೆಂದೆ. "ಬೇಕಂತ ತಪ್ಪೋಳು ಬೆರಳು ಕುಯ್ಕೊಳ್ಳಲ್ಲ ಕಣೋ. ಅವಳ್ನ ಯಾಕೆ ನಿಲ್ಲಿಸ್ಬೇಕು?"

ಆಗ ನನಗೆ ಅರ್ಥವಾಯಿತು. ತೊಡೆಯ ಮೇಲೆ ಬೀಳುತ್ತಿದ್ದ ಆ ಕೈ ಬೈಗುಳವಲ್ಲ. ಸಾಲಿನಲ್ಲಿ ಒಬ್ಬಳು ತಾಳ ತಪ್ಪಿದರೆ ಅವಳ ಕತ್ತಿ ಬೆರಳಿನ ಮೇಲೆ ಬೀಳುತ್ತದೆ. ಅದು ಬೀಳುವುದರೊಳಗೆ ದೊಡ್ಡಮ್ಮನ ಕೈ ಬೀಳಬೇಕು. ನಲವತ್ತು ವರ್ಷ ಆ ಕೈ ಮಾಡಿದ ಕೆಲಸ ಅದೊಂದೇ, ಎಲ್ಲರ ಬೆರಳು ಕಾಯುವುದು. ನಾವು ಮಕ್ಕಳು ನಕ್ಕಿದ್ದೆವು. ಒಂದೂವರೆ ತಿಂಗಳು ಅವಳು ನನ್ನ ಹಾಡನ್ನು ತಿದ್ದುತ್ತಿದ್ದಾಳೆ ಎಂದು ನಾನು ಬೀಗುತ್ತಿದ್ದೆ, ಅವಳು ಇಲ್ಲದ ಕತ್ತಿಯಿಂದ ನನ್ನ ಬೆರಳು ಉಳಿಸುತ್ತಿದ್ದಳು. ಆದರೆ ಆಗ ನನಗೆ ಇದ್ದ ಚಿಂತೆಯೇ ಬೇರೆ: ಪ್ರಾಮಾಣಿಕವಾಗಿ ತಪ್ಪುವುದು ಹೇಗೆ?

ದಾರಿ ಒಂದೇ, ನನಗೆ ಬಾರದ ಹಾಡು ಬೇಕು. ಭಾನುವಾರ ಸಣ್ಣ ರೈಲು ಹತ್ತಿ ಚಿಂತಾಮಣಿಗೆ ಹೋಗಿ, ಕಡಲೆಕಾಯಿ ಬಿಡಿಸುವ ಹೆಂಗಸರ ಹತ್ತಿರ ಒಂದು ತೆಲುಗು ಹಾಡು ಕಲಿತುಬಂದೆ. ಸೋಮವಾರ ನಾಲ್ಕು ಪೆಟ್ಟು ಬಿತ್ತು, ಗುರುವಾರದ ಹೊತ್ತಿಗೆ ದುರದೃಷ್ಟದಿಂದ ಅದೂ ಬಂದುಬಿಟ್ಟಿತು. ಚಿಕ್ಕಬಳ್ಳಾಪುರದ ತರಕಾರಿ ಮಂಡಿಯಲ್ಲಿ ಮೂಟೆ ಎತ್ತುವವರ ಹಾಡು ಹಿಡಿದೆ, ಅದರಲ್ಲಿ ಮೂರೇ ಮಾತು, ಎರಡು ದಿನಕ್ಕೆ ಮುಗಿಯಿತು. ಜೀವಮಾನವೆಲ್ಲ ಇಲ್ಲದ ಸಂಗೀತ ಜ್ಞಾನ ಬೇಡವೆಂದಾಗ ನನ್ನನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಖಾದರ್ ಸಾಬರಿಗೆ ನನ್ನ ಕಷ್ಟ ತೋಡಿಕೊಂಡೆ. ಅವರು ಕೆಮ್ಮಿ, ಬಹಳ ಹೊತ್ತು ಯೋಚಿಸಿ, ತಮ್ಮ ಅಮ್ಮಾಜಾನ್ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದದ್ದು ಒಂದಿದೆ ಎಂದರು. "ನಮ್ ಮಾತಲ್ಲಿ ಐತೆ ಸಾರ್. ನಿಮಗೆ ಬರಾದೇ ಇಲ್ಲ, ನಂಬಿ."

ಆ ಭರವಸೆಯ ಮೇಲೆ ಮಾರನೆಯ ಸಂಜೆ ಶುರುಮಾಡಿದೆವು. ಸಾಬರು ಕುರ್ಚಿ ಬಿಟ್ಟು ನನ್ನ ಬಲಕ್ಕೆ ಚಾಪೆಯ ಮೇಲೆ ಕೂತರು. ಮುದುಕಿಯರು ಕಂಬಗಳಿಗೆ ಒರಗಿದರು. ಸಾಬರು ಒಂದು ಸಾಲು ಹೇಳುವುದು, ನಾನು ಅದನ್ನು ಮುರಿಯುವುದು. ಅವರ ಉರ್ದುವಿನ ಮಾತುಗಳು ನನ್ನ ನಾಲಗೆಯ ಮೇಲೆ ಕಾಲು ಜಾರಿ ಬೀಳುತ್ತಿದ್ದವು. ತಾಯಿಯ ಹಾಡು, ಸಾಬರ ಮುಖದಲ್ಲಿ ನೋವು ಕಾಣುತ್ತಿತ್ತು, ಆದರೆ ದೊಡ್ಡ ಮನಸ್ಸಿನವರು, ಪ್ರತಿ ಸಾಲಿಗೂ ಬಹುತ್ ಅಚ್ಛಾ ಎನ್ನುತ್ತಿದ್ದರು. ದೊಡ್ಡಮ್ಮನಿಗೆ ಒಂದು ಮಾತೂ ಅರ್ಥವಾಗಿರಲಾರದು. ತಾಳ ಅರ್ಥವಾಯಿತು. ಮೊದಲ ಪೆಟ್ಟು ಬಿತ್ತು. ಎರಡನೆಯದು ಬಿತ್ತು. ಆಮೇಲೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಬಿಡುವೇ ಇಲ್ಲದಾಯಿತು, ಏಕೆಂದರೆ ನನ್ನ ತಪ್ಪಿಗೂ ತಪ್ಪಿಗೂ ನಡುವೆ ಬಿಡುವಿರಲಿಲ್ಲ. ನಾನು ನೋವು ತಾಳಲಾರದೆ ತೊಡೆಯನ್ನು ಆ ಕಡೆ ಸರಿಸಿದೆ. ಆಗ ದೊಡ್ಡಮ್ಮನ ಬಲಗೈ ನನ್ನ ಪಂಚೆಯನ್ನು ಹಿಡಿದು ಎಳೆದು ತೊಡೆಯನ್ನು ವಾಪಸು ತಂದಿತು. ಐದು ಬೆರಳೂ ಮಡಿಸಿ ಹಿಡಿದಿದ್ದವು. ನನಗೆ ಗೊತ್ತಾಗಲಿಲ್ಲ, ದೊಡ್ಡಮ್ಮನಿಗೂ ಗೊತ್ತಾಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿದ್ದ ಸರಸುವಿಗೆ ಗೊತ್ತಾಯಿತು.

ಅವಳು ಒಳಗೆ ಹೋಗಿ ತಟ್ಟೆಯಲ್ಲಿ ಬಿಸಿ ಮುದ್ದೆ, ಅವರೆಕಾಳಿನ ಸಾರು ಹಾಕಿಕೊಂಡು ಬಂದು ದೊಡ್ಡಮ್ಮನ ಮುಂದಿಟ್ಟಳು, ನನ್ನ ಕಡೆ ನಿಲ್ಲಿಸಬೇಡಿ ಎಂದು ಕಣ್ಣು ಮಾಡಿದಳು. ನಾನು ಹಾಡಿದೆ. ದೇವರಾಣೆಗೂ ಅಷ್ಟು ಕೆಟ್ಟದಾಗಿ, ಅಷ್ಟು ಪ್ರಾಮಾಣಿಕವಾಗಿ ನಾನು ಎಂದೂ ಹಾಡಿಲ್ಲ. ದೊಡ್ಡಮ್ಮ ನನ್ನನ್ನು ತೆಲುಗಿನಲ್ಲಿ ಬೈಯುತ್ತಾ, ಸಾಬರನ್ನು ಕನ್ನಡದಲ್ಲಿ, ನೀನು ಸರಿಯಾಗಿ ಹೇಳಿಕೊಡಪ್ಪ ಎಂದು ಗದರುತ್ತಾ, ನನ್ನ ಪಂಚೆ ಬಿಟ್ಟು ಮುದ್ದೆಗೆ ಕೈ ಹಾಕಿದಳು. ಹೆಬ್ಬೆರಳು ಮುದ್ದೆಯನ್ನು ಒತ್ತಿತು. ಒಂದು ತುಂಡು ಮುರಿಯಿತು, ವಕ್ರವಾಗಿ. ಸಾರಿಗೆ ಅದ್ದುವಾಗ ಅರ್ಧ ಸೆರಗಿನ ಮೇಲೆ ಬಿತ್ತು. ಉಳಿದರ್ಧ ಬಾಯಿಗೆ ಹೋಯಿತು. ಎರಡನೆಯ ತುತ್ತು ಎತ್ತಿದಾಗ ಅವಳು ತನ್ನ ಕೈಯನ್ನು ನೋಡಿಕೊಂಡಳು, ಆಮೇಲೆ ನಮ್ಮನ್ನೆಲ್ಲ ನೋಡಿದಳು, ತಿನ್ನುವವರ ಬಾಯಿ ನೋಡಬಾರದು ಎಂದು ಸರಸುವಿಗೆ ಹೇಳಿ ಮುಂದುವರಿಸಿದಳು. ಸಕ್ಕರೆಯವರೂ ಸೊಸೆಯವರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಮುದ್ದೆ ಪೂರ್ತಿ ಮುಗಿಯಲು ಮುಕ್ಕಾಲು ಗಂಟೆ ಹಿಡಿದಿರಬಹುದು. ಅಷ್ಟು ಹೊತ್ತೂ ನಾನು ಹಾಡುತ್ತಲೇ ಇದ್ದೆ.

ಕೈ ಬಂದದ್ದು ತಮ್ಮ ಸೂಜಿಯಿಂದ ಎಂದು ಡಾಕ್ಟರು ಆಮೇಲೂ ಹೇಳುತ್ತಿದ್ದರು. ಸರಸು ತನ್ನ ಎಣ್ಣೆಯ ಬಟ್ಟಲನ್ನು ತೋರಿಸುತ್ತಾಳೆ. ಸಾಬರು ಅಮ್ಮಾಜಾನ್ ಆಶೀರ್ವಾದ ಎಂದು ಆಕಾಶ ತೋರಿಸುತ್ತಿದ್ದರು. ಎಲ್ಲರ ಮಾತೂ ನಿಜವಿರಬಹುದು. ನನ್ನದೂ ಸ್ವಲ್ಪ ಇರಲಿ ಎಂದು ನಾನು ಕೇಳಿಕೊಳ್ಳುತ್ತೇನೆ ಅಷ್ಟೆ.

ಆ ಸಂಜೆ ಮುದ್ದೆ ಮುಗಿದ ಮೇಲೆ ದೊಡ್ಡಮ್ಮ ತಟ್ಟೆಯಲ್ಲೇ ಕೈ ತೊಳೆದು, ಒದ್ದೆ ಬೆರಳನ್ನು ಒಂದೊಂದಾಗಿ ಒರೆಸಿಕೊಂಡು, ನನ್ನ ಬೆನ್ನಿನ ಮೇಲೆ ಆ ಬಲಗೈಯನ್ನೇ ಇಟ್ಟಳು. ನಾನು ಇನ್ನೂ ಹಾಡುತ್ತಿದ್ದೆ. ಎರಡೇ ಸಾಲು ಬಾಕಿಯಿತ್ತು, ಮೇಲಕ್ಕೆ ಏರಿ ಇಳಿಯುವ ಒಳ್ಳೆಯ ಜಾಗ. "ಸಾಕು ಕಣಪ್ಪ, ನನ್ನ ಕೈ ಬಂತು. ಇನ್ನು ನೀನು ಹಾಡ್ಬೇಕಾಗಿಲ್ಲ" ಎಂದಳು, ಬಹಳ ಅಕ್ಕರೆಯಿಂದ. ಜಗುಲಿಯ ಮುದುಕಿಯರು ನಿರಾಳವಾಗಿ ಉಸಿರು ಬಿಟ್ಟು ಎದ್ದರು, ಸಾಬರು ಕುರ್ಚಿ ಎತ್ತಿಕೊಂಡರು, ಸರಸು ಚಾಪೆ ಸುತ್ತಿದಳು. ಉಳಿದ ಎರಡು ಸಾಲು ಏನಾದವು ಎಂದು ಅವರಲ್ಲಿ ಯಾರಾದರೂ ಒಂದು ದಿನ ಕೇಳುತ್ತಾರೆಂದು ನಾನು ಬಹಳ ಕಾಲ ಎದುರು ನೋಡಿದೆ. ಯಾರೂ ಕೇಳಲಿಲ್ಲ.